ಸರ್ವರಿನ ಬಾಗಿಲಲ್ಲಿ ನಿಂತವರು ಯಾರು?

ಜಾಲತಾಣಗಳನ್ನು ನೋಡಿಕೊಳ್ಳುವ ಕಿರಿಯ ಮಿತ್ರರ ಬಾಯಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: “ಸಾರ್, ನಾನು ಕೈಯಾರೆ ಎಳೆದರೆ ಬರುತ್ತದೆ; ತಾನಾಗಿ ಬಾ ಎಂದರೆ ಬರುವುದಿಲ್ಲ.” ವಾಚಕರಲ್ಲಿ ಕೆಲವರಿಗೆ ಇದರಿಂದ ಬಾವಿಯ ಹಗ್ಗದ ನೆನಪಾದರೆ ತಪ್ಪಿಲ್ಲ. ಆದರೆ ಇವರು ಎಳೆಯುವುದು ನೀರನ್ನಲ್ಲ. ಗಿಟ್ ಎಂಬ ಉಪಕರಣದ ಮೂಲಕ ಜಾಲತಾಣದ ಹೊಸ ಪಾಠವನ್ನು.

‘ಪಾಠ’ ಎಂಬ ಮಾತನ್ನು ನಾನು ತಿಳಿದೇ ಬಳಸಿದ್ದೇನೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಯಾವುದು ಕವಿಯ ಮಾತು, ಯಾವುದು ಲಿಪಿಕಾರನ ಕೈವಾಡ ಎಂದು ತಿಣುಕುವರಷ್ಟೆ. ಗಿಟ್‌ನಲ್ಲಿ ಆ ತಿಣುಕಾಟವಿಲ್ಲ. ಯಾರ ಹೆಸರಿನಲ್ಲಿ, ಎಂದು, ಯಾವ ಸಾಲು ತಿದ್ದಲ್ಪಟ್ಟಿತೆಂಬುದು ಅದರಲ್ಲಿ ದಾಖಲಾಗಿರುತ್ತದೆ. ಬೇಕೆಂದಾಗ ಹಿಂದಿನ ಪಾಠ ಮರಳಿ ದೊರೆಯುತ್ತದೆ. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಅವರು 2005ರ ಏಪ್ರಿಲ್‌ನಲ್ಲಿ ಇದನ್ನು ಆರಂಭಿಸಿದರು. ಅದುವರೆಗೆ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಪರವಾನಗಿ ತಪ್ಪಿಹೋದದ್ದೇ ಅದಕ್ಕೆ ನಿಮಿತ್ತ.

ಇನ್ನು ತೊಡಕಿನ ಮಾತು. ಒಂದು ಕಾಲೇಜಿನವರು ಶುಲ್ಕ ತೆರುವ ಕೊನೆಯ ದಿನವನ್ನು ಒಂದು ವಾರ ಮುಂದೂಡಿದರು. ತಿದ್ದುಪಡಿ ಗಿಟ್‌ಹಬ್‌ನ ಭಂಡಾರವನ್ನು ಸೇರಿತು. ಗಿಟ್‌ಹಬ್ ಆ ಸುದ್ದಿಯನ್ನು ಸರ್ವರಿಗೆ ಮುಟ್ಟಿಸಬೇಕು, ಸರ್ವರು ಹೊಸ ಪಾಠವನ್ನು ತರಿಸಿಕೊಳ್ಳಬೇಕು: ಇದು ವೆಬ್‌ಹುಕ್ ಎಂಬ ಏರ್ಪಾಟು. ಆದರೂ ಪುಟದಲ್ಲಿ ಹಳೆಯ ದಿನಾಂಕವೇ ನಿಂತಿತು. ಮಗಳ ಸೀಟು ಕೈತಪ್ಪೀತೆಂಬ ಭಯದಿಂದ ಬಡ್ಡಿಗೆ ಹಣ ತಂದು ಕಟ್ಟಿದ ತಂದೆಯೊಬ್ಬರು, ಇನ್ನೂ ಒಂದು ವಾರ ಗಡುವಿತ್ತೆಂಬುದನ್ನು ರಸೀದಿ ಪಡೆದ ಮೇಲೆ ಅರಿತರು.

ಮೊದಲು ನೋಡತಕ್ಕದ್ದು, ಸುದ್ದಿ ಮುಟ್ಟಿತೇ ಎಂಬುದನ್ನು. ಏನು ಕಳುಹಿಸಿದೆ, ಸರ್ವರು ಏನು ಉತ್ತರ ಕೊಟ್ಟಿತು ಎಂಬುದರ ದಾಖಲೆ ಗಿಟ್‌ಹಬ್‌ನಲ್ಲಿಯೇ ಉಂಟು. 10 ಸೆಕೆಂಡುಗಳೊಳಗೆ ಉತ್ತರ ಬರದಿದ್ದರೆ ಅದು ವಿಫಲವೆಂದೇ ಎಣಿಕೆ. ಸುದ್ದಿ ಮುಟ್ಟಿಯೂ ಪುಟ ಬದಲಾಗದಿದ್ದರೆ ದೋಷ ಸರ್ವರಿನೊಳಗೇ ಇದೆ.

ಅಲ್ಲಿನ ರಹಸ್ಯವಿಷ್ಟೆ: ಕೈಯಾರೆ ಎಳೆಯುವವನು ಒಬ್ಬ, ತಾನಾಗಿ ಎಳೆಯುವವನು ಮತ್ತೊಬ್ಬ. ಉಬುಂಟು ಮುಂತಾದ ಸರ್ವರುಗಳಲ್ಲಿ ವೆಬ್ ಸರ್ವರಿನ ಕೆಲಸವೆಲ್ಲ ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಎಂಬ ಬೇರೊಬ್ಬ ಬಳಕೆದಾರನ ಹೆಸರಿನಲ್ಲಿ ಸಾಗುತ್ತದೆ. ಭಂಡಾರದ ಬೀಗದ ಕೈ ಇರುವುದು ನಮ್ಮ ಮಿತ್ರರ ಫೋಲ್ಡರಿನಲ್ಲಿ. ಯಜಮಾನನ ಕಿಸೆಯಲ್ಲಿ ಬೀಗದ ಕೈ ಇದ್ದ ಮಾತ್ರಕ್ಕೆ ಆಳು ಉಗ್ರಾಣವನ್ನು ತೆರೆಯಬಲ್ಲನೆ? ಇದರ ಮೇಲೆ, ಯಾರೋ ಅವಸರದಲ್ಲಿ ಸರ್ವಾಧಿಕಾರಿಯಾದ ‘ರೂಟ್’ ಹೆಸರಿನಲ್ಲಿ ಒಮ್ಮೆ ಎಳೆದುಬಿಟ್ಟಿದ್ದರಂತೂ ಮುಗಿಯಿತು. ಹೊಸ ಕಡತಗಳೆಲ್ಲ ರೂಟ್‌ನ ಸ್ವತ್ತಾಗಿ, ಮರುದಿನದಿಂದ ಉಳಿದವರಿಗೆ ಅನುಮತಿಯಿಲ್ಲವೆಂಬ ಉತ್ತರವೇ ಗತಿ.

2022ರ ಏಪ್ರಿಲ್‌ನಲ್ಲಿ ಹೊರಬಂದ ಗಿಟ್ 2.35.2 ಈ ವಿಷಯದಲ್ಲಿ ಇನ್ನೂ ಬಿಗಿಯಾಯಿತು. ಫೋಲ್ಡರಿನ ಒಡೆಯನೂ ಆಜ್ಞೆ ಕೊಡುವವನೂ ಬೇರೆಯಾಗಿದ್ದರೆ ಅದು ಕೆಲಸ ಮಾಡಲು ಒಪ್ಪದು. ಹಲವರು ಬಳಸುವ ಗಣಕದಲ್ಲಿ ಒಬ್ಬನು ಇಟ್ಟ ಗಿಟ್ ಫೋಲ್ಡರು ಮತ್ತೊಬ್ಬನ ಹೆಸರಿನಲ್ಲಿ ಆಜ್ಞೆಗಳನ್ನು ನಡೆಸಿಬಿಡುವ ಅಪಾಯವಿತ್ತಾದ್ದರಿಂದ ಈ ಕಟ್ಟುಪಾಡು. ಅಂದಿನವರೆಗೆ ಸುಗಮವಾಗಿದ್ದ ಅನೇಕ ಸರ್ವರುಗಳು ಆಗ ಮುಷ್ಕರ ಹೂಡಿದವು. ಕೂಡಲೇ ಮದ್ದು ಹೇಳುವವರೂ ಹುಟ್ಟಿಕೊಂಡರು: ಎಲ್ಲ ಫೋಲ್ಡರುಗಳನ್ನೂ ನಂಬು ಎಂದು ಗಿಟ್‌ಗೆ ಹೇಳಿ, ಇಲ್ಲವೇ ಕಡತಗಳಿಗೆಲ್ಲ 777 ಎಂಬ ಅನುಮತಿ ಕೊಡಿ! ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಒಡೆಯನಿಗೊಂದು 7, ಬಳಗಕ್ಕೊಂದು, ಉಳಿದೆಲ್ಲರಿಗೂ ಒಂದು. ಬಾಗಿಲು ಬಿಗಿಯಾಗಿದೆಯೆಂದು ಗೋಡೆಯನ್ನೇ ಕೆಡಹುವುದನ್ನು ಪರಿಹಾರವೆನ್ನಲು ನನ್ನ ಮನಸ್ಸು ಒಪ್ಪದು.

ಆ ತಾಣದಲ್ಲಿ ಮಾಡಿದ್ದು ಇಷ್ಟು. ವೆಬ್‌ಹುಕ್ ನಡೆಸುವ ಕಡತದೊಳಗೆ ‘ಹೂ-ಆಮ್-ಐ’ ಎಂಬ ಆಜ್ಞೆಯನ್ನಿಟ್ಟು, ನಿಜವಾಗಿ ಎಳೆಯುತ್ತಿರುವವರು ಯಾರೆಂದು ತಿಳಿದರು. ಆ ಬಳಿಕ ಎಳೆಯುವುದಕ್ಕೆಂದೇ ಒಬ್ಬ ಬಳಕೆದಾರನನ್ನು ಗೊತ್ತುಮಾಡಿ, ಫೋಲ್ಡರಿನ ಒಡೆತನವನ್ನು ಅವನಿಗೆ ವಹಿಸಿ, ಆ ಒಂದು ಭಂಡಾರವನ್ನು ಓದಲು ಮಾತ್ರ ಒದಗುವ ‘ಡಿಪ್ಲಾಯ್ ಕೀ’ಯನ್ನು ಅವನಿಗೇ ಕೊಟ್ಟರು. ವೆಬ್ ಸರ್ವರು ಈಗ ಪುಟಗಳನ್ನು ಓದುತ್ತದೆ, ಸುದ್ದಿ ಬಂದಾಗ ಅವನನ್ನು ಎಚ್ಚರಿಸುತ್ತದೆ. ತಾನು ಏನನ್ನೂ ಬರೆಯುವುದಿಲ್ಲ.

ಈ ಗಡಿಬಿಡಿಯಲ್ಲಿ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಹೆಚ್ಚು ಭಯಾನಕವಾಗಿತ್ತು. ಗಿಟ್‌ನ ಗುಪ್ತ ಫೋಲ್ಡರು, ಲೋಕಕ್ಕೆಲ್ಲ ಕಾಣುವ ಪುಟಗಳ ನಡುವೆಯೇ ಕುಳಿತಿತ್ತು. ತಾಣದ ವಿಳಾಸದ ಮುಂದೆ ಓರೆಗೆರೆ, ಚುಕ್ಕೆ, ಗಿಟ್, ಓರೆಗೆರೆ, ಕಾನ್ಫಿಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೊಡನೆ ಅದರ ಒಳಗುಟ್ಟು ತೆರೆದುಕೊಂಡಿತು. ಡೇಟಾಬೇಸಿನ ಪಾಸ್‌ವರ್ಡನ್ನು ಹಿಂದೊಮ್ಮೆ ಬರೆದು ಮರುದಿನ ಅಳಿಸಿದ್ದರಂತೆ. ಆದರೆ ಹಿಂದಿನ ಪಾಠ ಅಳಿಯುವುದಿಲ್ಲವಷ್ಟೆ! ವೆಬ್ ಸರ್ವರಿನಲ್ಲಿ ಆ ದಾರಿಯನ್ನು ಮುಚ್ಚಿ, ಅಂದು ಸಂಜೆಯೇ ಪಾಸ್‌ವರ್ಡನ್ನು ಬದಲಿಸಿದರು.