ಬಿಚ್ಚಲು ಬಾರದ ವಸ್ತು ಯಾರ ಸ್ವತ್ತು?

ಆಲೆಮನೆಯ ಗಾಣ ರಾತ್ರಿ ಹನ್ನೊಂದಕ್ಕೆ ಕೈಕೊಟ್ಟರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಕಡಿದು ತಂದ ಕಬ್ಬು ಒಣಗಿ ತೂಕ ಕಳೆದುಕೊಳ್ಳುತ್ತದೆ, ಹಿಂಡಿಟ್ಟ ಹಾಲು ಹುಳಿಯಾಗುತ್ತದೆ, ನಡುವೆ ಉರಿ ಆರಿಸಿದರೆ ಕೊಪ್ಪರಿಗೆಯ ಪಾಕ ಹದ ತಪ್ಪುತ್ತದೆ. ಮಂಡ್ಯ ಜಿಲ್ಲೆಯ ಪಾಂಡವಪುರ, ಶ್ರೀರಂಗಪಟ್ಟಣ ಕಡೆಯ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವವರೇ ಬೇರಿಂಗ್ ಕಳಚಲು, ಬೆಲ್ಟ್ ಬಿಗಿಯಲು, ಎಂಜಿನ್ನಿನ ಫಿಲ್ಟರ್ ತೊಳೆಯಲು ಕಲಿತಿರುವುದು ಅದಕ್ಕೇ. ಇಲ್ಲಿ ರಿಪೇರಿ ಎಂಬುದು ಬಿಡುವಿನ ವೇಳೆಯ ಹವ್ಯಾಸವಾಗಿ ಬೆಳೆದದ್ದಲ್ಲ, ಬೇಸಾಯದ ಒಂದು ಭಾಗವಾಗಿಯೇ ಬೆಳೆದದ್ದು.

ಕಾಲುವೆ ನೀರಿನ ಆಸರೆ ಕಡಿಮೆಯಿರುವ ನಾಗಮಂಗಲದ ಕಡೆ ಹೋದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಕೊಳವೆ ಬಾವಿಯ ಮೋಟಾರೇ ತೋಟದ ಜೀವ. ತ್ರೀ-ಫೇಸ್ ಕರೆಂಟ್ ಸಿಗುವುದು ದಿನಕ್ಕೆ ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರ್ ಗುಂಯ್ ಎನ್ನುತ್ತದೆ, ಉಳಿದೆರಡರಿಂದ ಮಿತಿಮೀರಿ ಕರೆಂಟ್ ಎಳೆದುಕೊಂಡು ಒಳಗೇ ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಟ್ಟುಹೋಗುತ್ತದೆ. ಆಮೇಲೆ ಪೇಟೆಯ ರಿವೈಂಡಿಂಗ್ ಅಂಗಡಿಯೇ ಗತಿ. ಅಲ್ಲಿ ಕೂತವರು ಸುಟ್ಟ ತಾಮ್ರದ ಸುರುಳಿಯನ್ನು ಸೀದಾ ಗುಜರಿಗೆ ಎಸೆಯುವುದಿಲ್ಲ. ಎಷ್ಟು ಸುತ್ತು, ಯಾವ ಗೇಜು, ಯಾವ ಸ್ಲಾಟಿನಿಂದ ಯಾವ ಸ್ಲಾಟಿಗೆ ಜಿಗಿತ ಎಂದು ಎಣಿಸಿ ಬರೆದುಕೊಳ್ಳುತ್ತಾರೆ. ಅದೇ ಲೆಕ್ಕಕ್ಕೆ ಹೊಸ ಕಾಯಿಲ್ ಸುತ್ತುತ್ತಾರೆ, ಸ್ಲಾಟಿನೊಳಗೆ ಇನ್ಸುಲೇಷನ್ ಕಾಗದ ಮಡಿಸಿಟ್ಟು ಕೂರಿಸುತ್ತಾರೆ, ವಾರ್ನಿಷ್ ಎರೆದು ಒಣಗಿಸುತ್ತಾರೆ. ನೀರು ತುಂಬಿಸುವ ಸಬ್‌ಮರ್ಸಿಬಲ್ ಮೋಟಾರಾದರೆ ವಾರ್ನಿಷ್ ಕೆಲಸಕ್ಕೆ ಬಾರದು. ಅದಕ್ಕೆ ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನೇ ಸುತ್ತಬೇಕು.

ಆ ಲೆಕ್ಕದ ನೋಟ್‌ಪುಸ್ತಕ ಒಂದು ತಾಲ್ಲೂಕಿನ ಆಸ್ತಿ. ಸರ್ಕಾರದ ಯಾವ ಲೆಕ್ಕಪತ್ರದಲ್ಲೂ ಅದು ಕಾಣುವುದಿಲ್ಲ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಕುಂಬಾರ, ದರ್ಜಿ, ಬೀಗ ಮಾಡುವವರು ಎಲ್ಲ ಇದ್ದಾರೆ. ಸಲಕರಣೆ ಕೊಳ್ಳಲು 15,000 ರೂಪಾಯಿವರೆಗೆ ನೆರವೂ ಇದೆ. ಆದರೆ ಮೋಟಾರ್ ಸುತ್ತುವವರು, ಮಿಕ್ಸಿ ರಿಪೇರಿಯವರು, ಗ್ಯಾರೇಜಿನವರು ಆ ಪಟ್ಟಿಯಲ್ಲಿಲ್ಲ. ಪಾತ್ರೆಗೆ ಕಲಾಯಿ ಹಾಕುವ ಕಸುಬೂ ಅದರಲ್ಲಿಲ್ಲ. ಲೋಹದ ವಿಗ್ರಹಗಳಿಗೆ ಹೆಸರಾದ ನಾಗಮಂಗಲವಿರುವ ಜಿಲ್ಲೆಗೆ ಇದು ಸಣ್ಣ ಲೋಪವಲ್ಲ. ಹಿತ್ತಾಳೆ ಪಾತ್ರೆಯನ್ನು ಉಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿದಾಗ ಬಿಳಿ ಹೊಗೆ ಏಳುತ್ತದೆ. ಆ ಗಳಿಗೆಯಲ್ಲೇ ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಸವರಬೇಕು. ತವರ ಕರಗುವುದು 232 ಡಿಗ್ರಿಯಲ್ಲಿ. ಕಲಾಯಿಯವರು ಥರ್ಮಾಮೀಟರ್ ಇಟ್ಟುಕೊಂಡವರಲ್ಲ, ಪಾತ್ರೆಯ ಬಣ್ಣ ನೋಡಿಯೇ ಹದ ತಿಳಿಯುತ್ತಾರೆ. ಹಿತ್ತಾಳೆ, ತಾಮ್ರದ ಪಾತ್ರೆಗಳು ಮತ್ತೆ ಅಡುಗೆಮನೆಗೆ ಬರುತ್ತಿರುವ ಈ ಹೊತ್ತಿನಲ್ಲಿ ಕಲಾಯಿ ಹಾಕುವವರನ್ನು ಹುಡುಕಿಕೊಂಡು ಊರೂರು ಅಲೆಯುವ ಹಾಗಾಗಿದೆ.

ಕೈಕೆಲಸಕ್ಕೆ ಮಾನ ಕೊಡುವ ವಸ್ತುಗಳೂ ಒಂದು ಕಾಲಕ್ಕೆ ಪಕ್ಕದಲ್ಲೇ ತಯಾರಾಗುತ್ತಿದ್ದವು. ಶ್ರೀರಂಗಪಟ್ಟಣದಿಂದ ಸುಮಾರು 15 ಕಿ.ಮೀ. ದೂರದ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ಮೊದಲು ಜಾವಾ, 1970ರ ದಶಕದಿಂದ ಯೆಜ್ಡಿ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್. ಹತ್ತಾರು ಸ್ಪ್ಯಾನರ್, ಒಂದು ಸ್ಕ್ರೂಡ್ರೈವರ್ ಇದ್ದರೆ ಮನೆಯ ಜಗಲಿಯಲ್ಲೇ ಗಾಡಿಯನ್ನು ಬಿಚ್ಚಿ ಜೋಡಿಸಬಹುದಿತ್ತು. ಟು-ಸ್ಟ್ರೋಕ್ ಎಂಜಿನ್ನಾದ್ದರಿಂದ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಗಾಡಿ ಎಳೆಯದಾಗುತ್ತಿತ್ತು. ಆಗ ಒಳಗಿನ ಕೊಳವೆ ಹೊರಗೆಳೆದು, ಕೆಂಡದಲ್ಲಿ ಸುಟ್ಟು, ತಟ್ಟಿ, ಮಸಿ ಉದುರಿಸಿ ಹಾಕಿದರೆ ಮುಗಿಯಿತು. ಪ್ಲಗ್ಗಿಗೆ ಉಪ್ಪುಕಾಗದ, ಪಾಯಿಂಟಿಗೆ ಅರ, ಕಾರ್ಬುರೇಟರಿಗೆ ಒಂದಿಷ್ಟು ಪೆಟ್ರೋಲು. ಕಾರ್ಖಾನೆ ಮುಚ್ಚಿ ಮೂರು ದಶಕದ ಹತ್ತಿರ ಬಂದರೂ ಆ ಗಾಡಿಗಳು ಇನ್ನೂ ರಸ್ತೆಯಲ್ಲಿವೆ. ತಯಾರಕರ ನೆರವಿಲ್ಲದೆ ಒಂದು ಯಂತ್ರ ಇಷ್ಟು ಕಾಲ ಬಾಳಿದ್ದಕ್ಕೆ ಅಭಿಮಾನವೊಂದೇ ಕಾರಣವಲ್ಲ. ಅದನ್ನು ಬಿಚ್ಚಲು ಬರುತ್ತಿತ್ತು.

ಆ ಟು-ಸ್ಟ್ರೋಕ್ ಹೊಗೆ ಮರಳಿ ಬರಬೇಕೆಂದು ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾಲಿನ್ಯ ನಿಯಮ ಬಂದ ಮೇಲೆ ದ್ವಿಚಕ್ರ ವಾಹನಗಳಲ್ಲೂ ಕಾರ್ಬುರೇಟರಿನ ಜಾಗಕ್ಕೆ ಫ್ಯೂಯಲ್ ಇಂಜೆಕ್ಷನ್ ಬಂತು. ಗಾಳಿಗೂ ಶ್ವಾಸಕೋಶಕ್ಕೂ ಅದು ಒಳ್ಳೆಯದೇ. ತೊಡಕಿರುವುದು ಎಲೆಕ್ಟ್ರಾನಿಕ್ಸ್‌ನಲ್ಲಲ್ಲ, ಅದಕ್ಕೆ ಹಾಕಿರುವ ಬೀಗದಲ್ಲಿ. ಈಗಿನ ಕಾರುಗಳಲ್ಲಿ ಸ್ಟೀರಿಂಗಿನ ಕೆಳಗೊಂದು ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೊಂದು ಸ್ಕ್ಯಾನರ್ ಚುಚ್ಚಿದರೆ ಯಾವ ಸೆನ್ಸರ್ ದೂರುತ್ತಿದೆ ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಸಾಮಾನ್ಯ ಕೋಡುಗಳವರೆಗೆ ಇದು ನಡೆಯುತ್ತದೆ. ಅದರಾಚೆಗೆ ಕಂಪನಿಯದೇ ಸಾಫ್ಟ್‌ವೇರ್ ಬೇಕು, ಅದು ಸಿಗುವುದು ಕಂಪನಿಯ ಷೋರೂಮಿನಲ್ಲಿ. ಕೆ.ಆರ್. ಪೇಟೆಯ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ದುಡಿದ ಕೈಗೆ ದೋಷ ಗೊತ್ತಿದ್ದರೂ ಭಾಗ ಬದಲಿಸಿದ ಮೇಲೆ ಅದನ್ನು ಗಾಡಿಗೆ ‘ಒಪ್ಪಿಸುವ’ ಸಾಧನ ಸಿಗುವುದಿಲ್ಲ. ಗಾಡಿಯನ್ನು ಟೋಯಿಂಗ್ ಮಾಡಿಸಿ ಮೈಸೂರಿಗೆ ಒಯ್ಯಬೇಕು.

ಇದು ನ್ಯಾಯವಲ್ಲ ಎಂದು ದೇಶದ ಸಂಸ್ಥೆಯೇ ಹೇಳಿ ದಶಕ ದಾಟಿದೆ. ಶಂಶೇರ್ ಕಟಾರಿಯಾ ಎಂಬ ಗ್ರಾಹಕರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗಗಳನ್ನು, ದೋಷ ಪತ್ತೆ ಮಾಡುವ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಹಿಡಿದಿಟ್ಟುಕೊಂಡದ್ದು ತಪ್ಪು ಎಂದಿತು, ಅವುಗಳನ್ನು ಒದಗಿಸಬೇಕೆಂದೂ ಆದೇಶಿಸಿತು. ಮೇಲ್ಮನವಿಗಳು ಹೋದವು, ಕಾನೂನಿನ ಹಾದಿ ಉದ್ದವಾಯಿತು. ಸಣ್ಣ ಪಟ್ಟಣದ ಮೆಕ್ಯಾನಿಕ್‌ಗೆ ಆ ಆದೇಶ ಇಂದಿಗೂ ಕೈಗೆ ತಲುಪಿಲ್ಲ ಎಂದರೆ ತಪ್ಪಾಗದು.

ಬಳಸುವವರ ಕಡೆಯೂ ಕೊರತೆಯಿದೆ. ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯ ಪಕ್ಕದಲ್ಲಿ ಪಂಕ್ಚರಾಗಿ ನಿಂತ ಕಾರುಗಳ ಪಕ್ಕ ಫೋನ್ ಹಿಡಿದು ಕಾಯುವವರು ಕಾಣಸಿಗುತ್ತಾರೆ. ಜ್ಯಾಕ್ ಏರಿಸುವ ಮೊದಲೇ, ಚಕ್ರ ನೆಲಕ್ಕೆ ಒತ್ತಿಕೊಂಡಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಬೇಕು, ಹಾಕುವಾಗ ಅಕ್ಕಪಕ್ಕದ ನಟ್ಟನ್ನಲ್ಲ, ಎದುರುಬದುರಿನದನ್ನು ಬಿಗಿಯಬೇಕು. ಇಷ್ಟು ತಿಳಿದರೆ ಸಾಕು. ಈ ಪಾಠವೂ ಮರೆಯಾಗುವ ದಿನಗಳು ಬಂದಿವೆ. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ, ಪಂಕ್ಚರ್ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಕೊಡದಿದ್ದರೂ ಆಗುತ್ತದೆ ಎಂದು 2020ರ ಜುಲೈನಲ್ಲಿ ಸಾರಿಗೆ ಸಚಿವಾಲಯ ನಿಯಮ ಸಡಿಲಿಸಿತು. ಹಾಗಾಗಿ ಕಿಟ್ ಬಳಸಲು ಕಲಿಯುವುದು ಇನ್ನು ಕಡ್ಡಾಯವೇ. ವಾಹನಗಳು ರಭಸದಿಂದ ಬರುವ ಲೇನಿನಲ್ಲಿ ಮಾತ್ರ ಯಾವ ಸಾಹಸವೂ ಬೇಡ. ಅಲ್ಲಿ 1033ಕ್ಕೆ ಕರೆ ಮಾಡಿ ತಡೆಗೋಡೆಯ ಆಚೆ ನಿಲ್ಲುವುದೇ ಸರಿ.

ಮನೆಯೊಳಗಿನ ಸಂಗತಿ ಇನ್ನೂ ಸುಲಭ. ಚಟ್ನಿ ರುಬ್ಬುವಾಗ ಮಿಕ್ಸಿ ತಟ್ಟನೆ ನಿಂತರೆ ಮೋಟಾರ್ ಸುಟ್ಟಿತೆಂದು ಹೌಹಾರಬೇಕಿಲ್ಲ. ಬಹುತೇಕ ಮಿಕ್ಸಿಗಳ ತಳದಲ್ಲೊಂದು ಕೆಂಪು ಗುಂಡಿ ಇರುತ್ತದೆ, ಭಾರ ಹೆಚ್ಚಾದಾಗ ಅದು ಹೊರಕ್ಕೆ ಜಿಗಿದು ಮೋಟಾರನ್ನು ಉಳಿಸುತ್ತದೆ. ಪ್ಲಗ್ ತೆಗೆದು, ಆರಲು ಬಿಟ್ಟು, ಒತ್ತಿದರೆ ಮತ್ತೆ ತಿರುಗುತ್ತದೆ. ಮೋಟಾರ್ ತಿರುಗಿದರೂ ಜಾರಿನ ಬ್ಲೇಡ್ ತಿರುಗದಿದ್ದರೆ ಕಪ್ಲರಿನ ಹಲ್ಲು ಸವೆದಿದೆ ಎಂದರ್ಥ. ಅಗ್ಗದ ಭಾಗ ಅದು. ಬಿಚ್ಚುವ ದಿಕ್ಕು ಸಾಮಾನ್ಯ ಬೋಲ್ಟಿಗೆ ಉಲ್ಟಾ ಇರುವುದುಂಟು, ಅದು ತಿಳಿಯದೆ ಬಲ ಹಾಕಿದರೆ ಮುರಿಯುತ್ತದೆ. ಫ್ಯಾನ್ ನಿಧಾನವಾದರೆ, ಕೈಯಲ್ಲಿ ತಳ್ಳಿದರಷ್ಟೇ ತಿರುಗಿದರೆ, ದೋಷ ಸಾಮಾನ್ಯವಾಗಿ ಕೆಪಾಸಿಟರಿನದು. ಹಳೆಯದರ ಮೇಲೆ ಬರೆದಿರುವ ಮೌಲ್ಯ, ಅಂದರೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್, ನೋಡಿ ಅದೇ ತರಬೇಕು. ಸ್ವಿಚ್ ಆರಿಸಿದರೆ ಸಾಲದು, ಮೇನ್ ಆಫ್ ಮಾಡಿಯೇ ಏಣಿ ಹತ್ತಬೇಕು. ತೊಟ್ಟಿಕ್ಕುವ ನಲ್ಲಿಗೆ ಒಂದು ವಾಷರ್, ಸೋರುವ ಜಾಯಿಂಟಿಗೆ ನಾಲ್ಕು ಸುತ್ತು ಟೆಫ್ಲಾನ್ ಟೇಪ್.

ಎಲ್ಲಿ ನಿಲ್ಲಿಸಬೇಕು ಎಂಬುದೂ ಈ ವಿದ್ಯೆಯ ಭಾಗವೇ. ಅದನ್ನು ಒತ್ತಿ ಹೇಳಬೇಕು. ಕುಕ್ಕರಿನ ಸೇಫ್ಟಿ ವಾಲ್ವಿನೊಳಗೆ ಕಡಿಮೆ ಬಿಸಿಗೇ ಕರಗುವ ಲೋಹವಿದೆ, ಕರಗುವುದೇ ಅದರ ಕೆಲಸ. ಆ ತೂತಿಗೆ ಎಂ-ಸೀಲ್ ತುಂಬಿದವರು ಅಡುಗೆಮನೆಯಲ್ಲಿ ಬಾಂಬ್ ಇಟ್ಟಂತೆ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಬಾರದು, ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಪ್ಲಗ್ ತೆಗೆದ ಮೇಲೂ ಮೈಕ್ರೋವೇವ್ ಒಲೆಯ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವುದು 415 ವೋಲ್ಟ್; ಒದ್ದೆ ಕಾಲಲ್ಲಿ, ಕತ್ತಲಲ್ಲಿ, ಬಿದಿರು ಕಡ್ಡಿ ಸಿಕ್ಕಿಸಿ ಸ್ಟಾರ್ಟರನ್ನು ಒತ್ತಿಹಿಡಿಯುವ ಅಭ್ಯಾಸ ಕೈಬಿಡಲೇಬೇಕು. ಕಲಿಸುವವರಿಲ್ಲದೆ, ನೋಡಿ ನೋಡಿ ಕಲಿತ ವಿದ್ಯೆಯಲ್ಲಿ ಇಂಥ ಅಪಾಯದ ಅಡ್ಡದಾರಿಗಳೂ ಸೇರಿಕೊಳ್ಳುತ್ತವೆ. ರಿಪೇರಿಯನ್ನು ಶಾಲೆಯಲ್ಲಿ ಕಲಿಸಬೇಕು ಎನ್ನುವುದಕ್ಕೆ ಮುಖ್ಯ ಕಾರಣವೇ ಇದು.

ಹಿಂದೆ ಶಾಲೆಗಳಲ್ಲಿ ಕ್ರಾಫ್ಟ್ ತರಗತಿ ಇತ್ತು. ತಕಲಿ, ತೋಟಗಾರಿಕೆ, ಮರಗೆಲಸ ಇತ್ತು. ಈಗ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ಇದೆ. ಅದರ ಒಂದು ದಿನ ಹೈಸ್ಕೂಲಿನ ಮಕ್ಕಳು ಒಂದು ಪ್ಲಗ್‌ಗೆ ವೈರ್ ಹಾಕಲಿ, ಅರ್ಥಿಂಗ್ ಏಕೆ ಬೇಕೆಂದು ತಿಳಿಯಲಿ, ಸೈಕಲ್ಲಿನ ಟ್ಯೂಬಿಗೆ ಪ್ಯಾಚ್ ಹಾಕಲಿ. ಇದರಲ್ಲಿ ಹೆಣ್ಣುಮಕ್ಕಳು ಹಿಂದೆ ನಿಲ್ಲಬಾರದು. ದಿನವಿಡೀ ಮಿಕ್ಸಿ, ಕುಕ್ಕರ್, ಗ್ರೈಂಡರ್ ಬಳಸುವವರ ಕೈಗೆ ಟೆಸ್ಟರ್ ಕೊಡದೆ, ಸಣ್ಣ ದೋಷಕ್ಕೂ ಗಂಡಸರು ಮನೆಗೆ ಬರುವವರೆಗೆ ಕಾಯಿಸುವ ಪದ್ಧತಿ ಹೋಗಬೇಕು.

ಬೆಂಗಳೂರಿನಲ್ಲಿ 2015ರಿಂದ ‘ರಿಪೇರಿ ಕೆಫೆ’ಗಳು ನಡೆಯುತ್ತಿವೆ. ಕೆಟ್ಟ ವಸ್ತು ತಂದವರು ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಿಕೊಳ್ಳುವ ಈ ಕೂಟದ ಕಲ್ಪನೆ 2009ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟೀನ್ ಪೋಸ್ಟ್‌ಮಾ ಅವರಿಂದ ಶುರುವಾದದ್ದು. ಮಂಡ್ಯದ ಹಳ್ಳಿಗಳಿಗೆ ಹೊಸ ಕಟ್ಟಡ, ಹೊಸ ಸಂಘ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಪುಸ್ತಕದ ಕಪಾಟಿನ ಪಕ್ಕದಲ್ಲಿ ಒಂದು ಸಲಕರಣೆ ಪೆಟ್ಟಿಗೆ ಇಡಲಿ: ಮಲ್ಟಿಮೀಟರ್, ಸ್ಪ್ಯಾನರ್ ಸೆಟ್ಟು, ಕಟಿಂಗ್ ಪ್ಲೇಯರ್, ಪೈಪ್ ರೆಂಚು, ಸೋಲ್ಡರಿಂಗ್ ಐರನ್ನು. ಪುಸ್ತಕದ ಹಾಗೇ ರಿಜಿಸ್ಟರಿನಲ್ಲಿ ಬರೆದು ಕೊಡಲಿ. ತಿಂಗಳಿಗೊಂದು ಭಾನುವಾರ ಐಟಿಐ ವಿದ್ಯಾರ್ಥಿಗಳೂ ಕೆ.ಆರ್. ಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನವರೂ ಬಂದು ಕೂರಲಿ, ರಿವೈಂಡಿಂಗ್ ಅಂಗಡಿಯ ಹಿರಿಯರನ್ನು ಗೌರವಧನ ಕೊಟ್ಟು ಕರೆಸಲಿ. ಪಾಠ ಎರಡೂ ಕಡೆಯಿಂದ ನಡೆಯುತ್ತದೆ.

ದೆಹಲಿಯಲ್ಲಿ ಕೆಲಸ ಶುರುವಾಗಿದೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯ ಗುರುತಿಸಿತು. ಅದೇ ವರ್ಷ ರಾಷ್ಟ್ರೀಯ ಗ್ರಾಹಕರ ದಿನವಾದ ಡಿಸೆಂಬರ್ 24ರಂದು ಒಂದು ಪೋರ್ಟಲನ್ನೂ ತೆರೆಯಿತು. ವಸ್ತುವನ್ನು ಎಷ್ಟು ಸುಲಭವಾಗಿ ಬಿಚ್ಚಬಹುದು, ಬಿಡಿಭಾಗ ಸಿಗುತ್ತದೆಯೇ, ಮಾಹಿತಿ ಕೊಟ್ಟಿದ್ದಾರೆಯೇ ಎಂದು ಅಳೆದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇನಲ್ಲಿ ಇಲಾಖೆಯ ಕೈಸೇರಿತು. ಫ್ರಾನ್ಸಿನಲ್ಲಿ 2021ರಿಂದಲೇ ಇಂಥ ಅಂಕ ವಸ್ತುಗಳ ಮೇಲಿದೆ. ಇಲ್ಲಿನ ವರದಿ ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ವಸ್ತುಗಳಿಂದ ಆರಂಭಿಸಿದೆ.

ಮೊದಲ ಹೆಸರಾಗಿ ಬರೆದಿದ್ದ ಕೃಷಿ ಉಪಕರಣ ಹಿಂದೆ ಬಿದ್ದಿದೆ. ಮಂಡ್ಯದ ಸಂಸದರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ತಾಲ್ಲೂಕುಗಳ ಶಾಸಕರು, ರೈತ ಸಂಘದವರು ಪಕ್ಷಭೇದವಿಲ್ಲದೆ ಇದನ್ನು ಕೇಳಬೇಕು. ಪಂಪ್‌ಸೆಟ್, ಪವರ್ ಟಿಲ್ಲರ್, ಗಾಣದ ಎಂಜಿನ್ನಿನ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನು ಕಂಪನಿ ಬರೆದು ಕೊಡಲಿ, ವೈಂಡಿಂಗಿನ ವಿವರವೂ ಸರ್ಕ್ಯೂಟ್ ನಕ್ಷೆಯೂ ಕನ್ನಡದಲ್ಲಿ ಡಬ್ಬಿಯೊಳಗೇ ಇರಲಿ. ಕರೆಂಟ್ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಸ್ಟಾರ್ ಚೀಟಿ ಪಂಪಿನ ಮೇಲೆ ಈಗಲೂ ಬರುತ್ತದೆ. ಅದರ ಪಕ್ಕದಲ್ಲೇ ರಿಪೇರಿಯ ಅಂಕವನ್ನೂ ಅಂಟಿಸಿದರೆ, ನಾಗಮಂಗಲದ ಅಂಗಡಿಯಲ್ಲಿ ಎರಡು ಮೋಟಾರುಗಳ ನಡುವೆ ಆಯ್ಕೆ ಮಾಡುವ ರೈತ ದುಡ್ಡು ಎಣಿಸುವ ಮುಂಚೆಯೇ ಎರಡನ್ನೂ ಓದಿಕೊಳ್ಳಬಹುದು.