ಅಯ್ಯನಕೆರೆಯಲ್ಲಿ ಏನಾದರೂ ಇದ್ದೀತೆ?

ಸಖರಾಯಪಟ್ಟಣದ ಅಯ್ಯನಕೆರೆ ಏರಿಯ ಮೇಲೆ ನಿಂತವರಿಗೆ, ಇಷ್ಟು ನೀರಿನಲ್ಲಿ ನಾವು ಕಾಣದ ಜೀವಿಯೊಂದು ಇರಬಾರದೇಕೆ ಎನ್ನಿಸಿದರೆ ಆಶ್ಚರ್ಯವಿಲ್ಲ. ಕೆರೆಗೆ ಕಥೆಯೂ ಇದೆ. ಏರಿ ಒಡೆದು ಹೊರಡಲಿದ್ದ ಕೆರೆಯ ದೇವಿ, ಅರಸನಿಗೆ ಸುದ್ದಿ ಮುಟ್ಟಿಸಿ ಬರುವತನಕ ಕಾಯುತ್ತೇನೆಂದು ನೀರುಗಂಟಿ ಹೊನ್ನಬಿಲ್ಲನಿಗೆ ಮಾತು ಕೊಟ್ಟಳಂತೆ. ಅವನು ಮರಳಲೇಬಾರದೆಂದು ಅರಸ ತಲೆ ತೆಗೆಸಿದನಂತೆ. ದೇವಿ ಇನ್ನೂ ಕಾಯುತ್ತಿದ್ದಾಳೆ.

ದೇವಿಯದು ನಂಬಿಕೆಯ ಲೆಕ್ಕ. ರಕ್ತಮಾಂಸದ ಪ್ರಾಣಿಯಾದರೆ ಅದಕ್ಕೆ ಮೇವು ಬೇಕು, ಜೋಡಿ ಬೇಕು, ಮರಿ ಬೇಕು. ತಲೆಮಾರುಗಳ ಕಾಲ ಉಳಿಯಲು ಒಂದು ಸಾಲದು, ಹತ್ತಾರು ಇರಬೇಕು. ಅಷ್ಟಿದ್ದರೆ ಒಂದಾದರೂ ಬಲೆಗೆ ಬೀಳುತ್ತಿತ್ತು. ಮೇಲಾಗಿ ಇದು ಮನುಷ್ಯರು ಕಟ್ಟಿದ ಕೆರೆ. 1156ರಲ್ಲಿ, ಹೊಯ್ಸಳರ ಕಾಲದಲ್ಲಿ ಜೀರ್ಣೋದ್ಧಾರವಾಯಿತೆನ್ನುತ್ತಾರೆ. ಡೈನೋಸಾರ್ ಕಾಲದ್ದು ಇಲ್ಲಿಗೆ ಎಲ್ಲಿಂದ ಬರಬೇಕು? ಇಂಥದೇ ದೈತ್ಯನ ಕಥೆಯಿರುವ, ಇನ್ನೂರು ಮೀಟರಿಗೂ ಹೆಚ್ಚು ಆಳವಾದ ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲೇ 2018ರಲ್ಲಿ ವಿಜ್ಞಾನಿ ನೀಲ್ ಜೆಮ್ಮೆಲ್ ಅವರ ತಂಡ ನೀರಿನ ಡಿಎನ್‌ಎ ಸೋಸಿ ನೋಡಿದಾಗ ಸರೀಸೃಪದ ಸುಳಿವು ಸಿಗಲಿಲ್ಲ. ಹಾವುಮೀನಿನದು ಮಾತ್ರ ಧಾರಾಳವಾಗಿತ್ತು.

ಹಾಗಂತ ಕಂಡೆ ಎಂದವರೆಲ್ಲ ಬುರುಡೆ ಬಿಡುತ್ತಾರೆ ಅನ್ನುವುದೂ ಸರಿಯಲ್ಲ. ತರೀಕೆರೆ ಕಡೆ ಲಕ್ಕವಳ್ಳಿಯ ಭದ್ರಾ ಹಿನ್ನೀರಿನಂಥ ಕಡೆ ನೀರುನಾಯಿಗಳ ಸಂಸಾರ ಸಾಲಾಗಿ ಈಜಿದರೆ, ಒಂದು ಮುಳುಗುವಷ್ಟರಲ್ಲಿ ಹಿಂದಿನದು ಏಳುತ್ತದೆ. ಸಂಜೆಯ ಬೆಳಕಿನಲ್ಲಿ ದೂರದಿಂದ ಅದೆಲ್ಲ ಗೂನುಗೂನಾದ ಒಂದೇ ಉದ್ದನೆಯ ಮೈ. ಕಣ್ಣು ಕಂಡದ್ದು ನಿಜವೇ, ಮನಸ್ಸು ಜೋಡಿಸಿದ್ದು ಹೆಚ್ಚಾಯಿತು.

ನಂಬುವವರ ಕೈಯಲ್ಲೂ ಗಟ್ಟಿ ಸಾಕ್ಷಿಗಳಿವೆ. 1900ರ ನಂತರ ಕಾಣದೆ, ಅಳಿದೇಹೋಯಿತೆಂದು ಕೈಬಿಟ್ಟಿದ್ದ ಜೆರ್ಡನ್ಸ್ ಕೋರ್ಸರ್ ಹಕ್ಕಿ 1986ರಲ್ಲಿ ಆಂಧ್ರದ ಕಡಪದ ಕುರುಚಲು ಕಾಡಿನಲ್ಲಿ ಸಿಕ್ಕಿತು. ಹಿಡಿದು ತಂದದ್ದು ಊರಿನ ಬೇಟೆಗಾರ. ವರ್ಷದ ಬಹುಪಾಲು ಮಣ್ಣಿನೊಳಗೇ ಕಳೆಯುವ ನೇರಳೆ ಕಪ್ಪೆಗೆ ವಿಜ್ಞಾನ ಹೆಸರಿಟ್ಟದ್ದು 2003ರಲ್ಲಿ. ಮೊಟ್ಟೆಗಳಿಗೆ ಕೆಸರು ಮೆತ್ತುವ ನಮ್ಮ ಮಲೆನಾಡಿನ ಕುಂಬಾರ ಕಪ್ಪೆಗೆ ಹೆಸರು ಬರಲು 2014 ಆಗಬೇಕಾಯಿತು. ತೇಜಸ್ವಿಯವರ ‘ಕರ್ವಾಲೊ’ ಓದಿ ಹಾರುವ ಓತಿ ಬರೀ ಕಲ್ಪನೆ ಅಂದುಕೊಂಡವರುಂಟು. ಅದು ಮಲೆನಾಡಿನ ಅಡಿಕೆ ತೋಟಗಳಲ್ಲೇ ಇದೆ: ಮರದ ತೊಗಟೆಯ ಬಣ್ಣವೇ ಮೈಗೆ, ಗಂಡು ಕತ್ತಿನಡಿಯ ಹಳದಿ ಚರ್ಮವನ್ನು ಚಾಚಿದಾಗಲೇ ಅದು ಓತಿಯೆಂದು ತಿಳಿಯುವುದು.

ಇವುಗಳಲ್ಲಿ ಯಾವುದೂ ಆನೆಗಾತ್ರದ್ದಲ್ಲ ಅನ್ನುವುದನ್ನು ಗಮನಿಸಬೇಕು. ಕಡೂರು, ಅಜ್ಜಂಪುರ ಸೀಮೆಯ ಬಾಸೂರು ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗವೇ ಮೈಲಿ ದೂರದಿಂದ ಕಣ್ಣಿಗೆ ಬೀಳುತ್ತದೆ. ದೊಡ್ಡ ಪ್ರಾಣಿಗೆ ಅಲ್ಲಿ ಮರೆಯೇ ಇಲ್ಲ. ನನ್ನನ್ನು ಕೇಳಿದರೆ, ಅಯ್ಯನಕೆರೆಯಲ್ಲಾಗಲಿ ಮದಗದ ಕೆರೆಯಲ್ಲಾಗಲಿ ದೈತ್ಯನಿಲ್ಲ. ಕೆಮ್ಮಣ್ಣುಗುಂಡಿಯ ಹಳ್ಳಗಳಲ್ಲಿ ಹೆಬ್ಬೆರಳುದ್ದದ ಹೆಸರಿಲ್ಲದ ಕಪ್ಪೆಯೊಂದು ಇದ್ದರೆ ಮಾತ್ರ ನಾನು ಬೆರಗಾಗುವುದಿಲ್ಲ. ಹುಡುಕಲು ದುರ್ಬೀನಿಗಿಂತ ಧ್ವನಿಮುದ್ರಕ ಲೇಸು, ಅದೂ ಮುಂಗಾರಿನ ರಾತ್ರಿ. ಒಂದೇ ಥರ ಕಾಣುವ ಎರಡು ಕಪ್ಪೆ ಬೇರೆ ಬೇರೆ ಜಾತಿಯವೆಂಬ ಗುಟ್ಟು ಎಷ್ಟೋ ಸಲ ಮೊದಲು ಬಯಲಾಗುವುದು ಅವುಗಳ ಕೂಗಿನಿಂದ.