ಮೀನಿರುವ ಹೊಂಡ: ಕೆಸರು ಹೀರಿ, ಕಲಕಬೇಡಿ

ಹಿತ್ತಲಿನಲ್ಲೋ ತೋಟದ ಅಂಚಿನಲ್ಲೋ ಒಂದು ಹೊಂಡ, ಅದರಲ್ಲಿ ಒಂದಷ್ಟು ಮೀನು. ಈ ನೋಟ ಬಯಲುಸೀಮೆಯಲ್ಲಿ ಈಗ ಅಪರೂಪವಲ್ಲ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಜಮೀನುಗಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಗಳು ಹೆಚ್ಚಾದವು. ನೀರು ನಿಂತಿತೆಂದರೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ತಂದು ಬಿಡುವ ಆಸೆ ಯಾರಿಗಾದರೂ ಸಹಜವೇ. ಮೊದಲ ವರ್ಷ ಎಲ್ಲವೂ ಚೆನ್ನಾಗಿರುತ್ತದೆ. ಎರಡು ಮೂರು ವರ್ಷ ಕಳೆಯುತ್ತಲೇ ತಳದಲ್ಲಿ ಕಪ್ಪು ಕೆಸರು ಕೂಡುತ್ತದೆ. ಹೊಂಗೆಯ ಎಲೆ, ಮಳೆನೀರಿನ ಜೊತೆ ಹರಿದು ಬಂದ ಮಣ್ಣು, ಮೀನು ತಿನ್ನದೆ ಬಿಟ್ಟ ತೌಡು ಮತ್ತು ಹಿಂಡಿ, ಅದರ ಹಿಕ್ಕೆ, ಸತ್ತ ಪಾಚಿ ಇವೆಲ್ಲ ಸೇರಿ ಕೊಳೆತದ್ದು ಅದು.

ಈ ಕೆಸರನ್ನು ತೆಗೆಯುವುದು ಹೇಗೆಂದು ಕೇಳಿದರೆ ಊರಿನಲ್ಲಿ ಎರಡು ಉತ್ತರ ಸಿಗುತ್ತವೆ. ಪೂರ್ತಿ ಖಾಲಿ ಮಾಡಿ ಗುದ್ದಲಿ ಹಾಕಿ ಎನ್ನುವವರು ಕೆಲವರು. ದೊಡ್ಡ ಪಂಪು ಇಳಿಸಿ ಒಂದೇ ದಿನದಲ್ಲಿ ಮುಗಿಸಿ ಎನ್ನುವವರು ಇನ್ನು ಕೆಲವರು. ಮೀನಿರುವ ಹೊಂಡಕ್ಕೆ ಈ ಎರಡೂ ತಕ್ಕ ಕೆಲಸವಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಹಿರಿಯರು ಕೆರೆಗೋಡು ಎತ್ತುತ್ತಿರಲಿಲ್ಲವೇ ಎಂದು ಕೇಳಬಹುದು. ಎತ್ತುತ್ತಿದ್ದರು, ಆದರೆ ಕೆರೆ ಬತ್ತಿದ ಮೇಲೆ. ಮಲೆನಾಡಿನಲ್ಲಿ ಕೆರೆ ಬೇಟೆ ಮಾಡಿ ಮೀನು ಹಿಡಿಯುತ್ತಿದ್ದುದೂ ಬೇಸಿಗೆಯಲ್ಲಿ ನೀರು ತಗ್ಗಿದಾಗಲೇ. ಬತ್ತಿದ ಕೆರೆಯಲ್ಲಿ ಗುದ್ದಲಿ ಆಡಿಸಿದರೆ ಯಾವ ಮೀನಿಗೂ ಕೇಡಿಲ್ಲ. ಹಿತ್ತಲ ಹೊಂಡದಲ್ಲಿ ಮೀನು ಹನ್ನೆರಡು ತಿಂಗಳೂ ಒಳಗೇ ಇರುತ್ತದೆ. ಈ ವ್ಯತ್ಯಾಸವನ್ನು ಮರೆಯುವುದರಿಂದಲೇ ನಷ್ಟವಾಗುವುದು.

ತಿಪಟೂರು ಕಡೆಯ ಒಂದು ತೆಂಗಿನ ತೋಟದಲ್ಲಿ ನಡೆದದ್ದನ್ನು ಹೇಳುತ್ತೇನೆ. ವರ್ಷತೊಡಕಿಗೆ ಮಾರಲೆಂದು ಸಾಕಿದ ಮೀನು. ಕೆಸರು ವಾಸನೆ ಬಂತೆಂದು ಸಂಜೆ ನಾಲ್ಕರ ಮೇಲೆ ಪಂಪು ಇಳಿಸಿ, ಇಬ್ಬರು ಆಳುಗಳು ಹೊಂಡಕ್ಕಿಳಿದು ತುಳಿದು ಕಲಕಿದರು. ಮರುದಿನ ಬೆಳಗಿನ ಜಾವಕ್ಕೆ ಮೀನು ತೇಲಿತ್ತು. ಮೊದಲು ಸತ್ತದ್ದು ದೊಡ್ಡ ಕಾಟ್ಲಾಗಳೇ. ಯಾರೋ ವಿಷ ಹಾಕಿದರೆಂದು ಮನೆಯವರು ನೆರೆಯವರ ಮೇಲೆ ಗುಮಾನಿ ಪಟ್ಟರು. ವಿಷ ಹೊಂಡದ ತಳದಲ್ಲೇ ಇತ್ತು.

ಕಪ್ಪು ಕೆಸರಿನೊಳಗೆ ಆಮ್ಲಜನಕ ಇರುವುದಿಲ್ಲ. ಅಲ್ಲಿ ಕೊಳೆ ಕರಗುವಾಗ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದೇ. ಅತ್ಯಲ್ಪ ಪ್ರಮಾಣವೂ ಮೀನಿಗೆ ಅಪಾಯ. ಕೆಸರನ್ನು ಕಲಕಿದಾಗ ಈ ಅನಿಲವೂ ಅಮೋನಿಯವೂ ಮೇಲಕ್ಕೇಳುತ್ತವೆ. ಎದ್ದ ಕೊಳೆಯು ನೀರಿನಲ್ಲಿದ್ದ ಆಮ್ಲಜನಕವನ್ನೂ ತಿಂದುಹಾಕುತ್ತದೆ. ಗೆಂಡೆ ಜಾತಿಯ ಮೀನಿಗೆ ಲೀಟರ್ ನೀರಿನಲ್ಲಿ 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಕ್ಷೇಮ, 3ಕ್ಕಿಂತ ಇಳಿದರೆ ಸಂಕಟ. ರಾತ್ರಿ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವಕ್ಕೆ ಅದು ತೀರ ಕಡಿಮೆಯಾಗಿರುತ್ತದೆ. ಸಂಜೆ ಕಲಕಿದ ಹೊಂಡದಲ್ಲಿ ಬೆಳಗಿಗೆ ಮೀನು ಸಾಯುವ ಗುಟ್ಟು ಇದೇ.

ಆದ್ದರಿಂದ ಕೆಸರನ್ನು ಇದ್ದಲ್ಲಿಂದಲೇ ಹೀರಿ ತೆಗೆಯತಕ್ಕದ್ದು. ಪೇಟೆಯಲ್ಲಿ ಇದಕ್ಕೆಂದೇ ವ್ಯಾಕ್ಯೂಮ್ ಯಂತ್ರಗಳು ಬಂದಿವೆ. ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಹೊಂಡಕ್ಕಿಂತ ತಗ್ಗಿನಲ್ಲಿ ತೋಟವಿದ್ದರೆ ಅದರ ಅಗತ್ಯವೇ ಇಲ್ಲ. ಒಂದೂವರೆ ಇಂಚಿನ ಪಿವಿಸಿ ಪೈಪಿನ ತುದಿಗೆ ಮೆದು ಪೈಪು ಜೋಡಿಸಿ, ಪೂರ್ತಿ ನೀರು ತುಂಬಿ, ಎರಡೂ ಬಾಯಿ ಮುಚ್ಚಿಕೊಂಡು, ಒಂದು ತುದಿಯನ್ನು ತಳಕ್ಕೂ ಇನ್ನೊಂದನ್ನು ಹೊಂಡದ ನೀರಿನ ಮಟ್ಟಕ್ಕಿಂತ ಕೆಳಗೂ ಇಟ್ಟು ಬಿಟ್ಟರೆ ಕೆಸರು ತಾನಾಗಿಯೇ ಹರಿಯುತ್ತದೆ. ಬಾಯಿಂದ ಎಳೆಯುವ ಅಭ್ಯಾಸ ಬೇಡ. ಪೈಪನ್ನು ಪೊರಕೆಯಂತೆ ಆಡಿಸಬಾರದು. ಒಂದು ಕಡೆ ಹಿಡಿದು, ಬರುವ ನೀರು ತಿಳಿಯಾದ ಮೇಲೆ ಗೇಣುದ್ದ ಸರಿಸಿ ಮತ್ತೆ ಹಿಡಿಯಬೇಕು. ತಾಳ್ಮೆಯ ಕೆಲಸ ನಿಜ. ಮನೆಯ ಹುಡುಗರಿಗೆ ಒಪ್ಪಿಸಿದರೆ ಅರ್ಧ ಗಂಟೆಯಲ್ಲಿ ಕೈಬಿಡುತ್ತಾರೆ.

ತಗ್ಗು ಇಲ್ಲದ ಕಡೆ ಸಣ್ಣ ಕೆಸರು ಪಂಪೇ ಗತಿ. ಅದನ್ನು ಟೊಮೆಟೊ ಕ್ರೇಟಿನೊಳಗಿಟ್ಟು ಹಗ್ಗದಿಂದ ಇಳಿಬಿಟ್ಟರೆ ಮೀನು ಸಿಕ್ಕಿಕೊಳ್ಳುವುದಿಲ್ಲ, ಹಾಳೆಯೂ ಹರಿಯುವುದಿಲ್ಲ. ಮೋಟಾರು ನಡೆಯುತ್ತಿರುವಾಗ ಯಾರೂ ನೀರಿಗೆ ಕೈಕಾಲು ಇಡಕೂಡದು. ಪಾಚಿ ಕಟ್ಟಿದ ಹಾಳೆಯ ಇಳಿಜಾರು ಎಣ್ಣೆ ಸವರಿದಂತೆ ಜಾರುತ್ತದೆ. ಒಳಗೆ ಬಿದ್ದವನಿಗೆ ಹತ್ತಿ ಬರಲು ಹಿಡಿತವೇ ಸಿಗದು. ದಡದಿಂದ ಹೀರುವ ಪದ್ಧತಿಯನ್ನು ನಾನು ಮೆಚ್ಚುವುದಕ್ಕೆ ಮೀನಿಗಿಂತಲೂ ದೊಡ್ಡ ಕಾರಣ ಇದು. ಹೊಂಡ ತೋಡಿದ ದಿನ ಟೇಪು ಹಿಡಿದು ಬರುವವರು ಬಹಳ. ಹತ್ತಲು ಒಂದು ಗಂಟುಹಗ್ಗ ಕಟ್ಟಿಸಿ ಎಂದು ಹೇಳುವವರು ವಿರಳ.

ಹಿಂದಿನ ದಿನ ಮೇವು ನಿಲ್ಲಿಸಿ, ಬಿಸಿಲು ಬಂದ ಮೇಲೆ ಒಂಬತ್ತು ಗಂಟೆಗೆ ಆರಂಭಿಸಿ ಹನ್ನೆರಡರೊಳಗೆ ಮುಗಿಸಬೇಕು. ಮೋಡ ಮುಸುಕಿದ ದಿನ ಈ ಕೆಲಸ ಬೇಡ. ಒಂದು ಸಲಕ್ಕೆ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ನೀರು ತೆಗೆಯಬಾರದು. 20 ಅಡಿ ಉದ್ದ, 15 ಅಡಿ ಅಗಲ, 4 ಅಡಿ ನೀರಿನ ನೇರ ಗೋಡೆಯ ತೊಟ್ಟಿಯಲ್ಲಿ ಸುಮಾರು 34,000 ಲೀಟರ್ ಇರುತ್ತದೆ. ಒಂದಡಿ ಇಳಿದೊಡನೆ ನಿಲ್ಲಿಸಿ, ಉಳಿದ ಕೆಸರನ್ನು ಎರಡು ಮೂರು ವಾರ ಬಿಟ್ಟು ತೆಗೆಯಿರಿ. ಮತ್ತೆ ತುಂಬುವಾಗ ಕೊಳವೆಬಾವಿಯ ನೀರನ್ನು ನೇರ ಬಿಡದೆ ಎತ್ತರದಿಂದ ಕಲ್ಲಿನ ಮೇಲೆ ಸುರಿಸಿ. ಆ ನೀರಿನಲ್ಲಿ ಆಮ್ಲಜನಕ ಕಡಿಮೆ. ಚಿಮ್ಮಿ ಬಿದ್ದರೆ ಗಾಳಿ ಸೇರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆಯತೊಡಗಿದರೆ ಕೆಲಸವನ್ನು ಅಲ್ಲಿಗೇ ಬಿಟ್ಟು ಹೊಸ ನೀರು ಚಿಮ್ಮಿಸಬೇಕು.

ತಳವನ್ನು ಕನ್ನಡಿಯಂತೆ ಹೊಳೆಸುವ ಹಟವೂ ಸಲ್ಲದು. ಅಮೋನಿಯವನ್ನು ಕರಗಿಸಿ ನಿರಪಾಯ ಮಾಡುವ ಸೂಕ್ಷ್ಮಜೀವಿಗಳು ತಳದಲ್ಲೂ ಗೋಡೆಯ ಪಾಚಿಯಲ್ಲೂ ನೆಲೆಸಿರುತ್ತವೆ. ಎಲ್ಲವನ್ನೂ ಉಜ್ಜಿ ತೊಳೆದರೆ ಅವೂ ಹೋಗುತ್ತವೆ. ಹಾಳೆಯ ಹೊಂಡದಲ್ಲಿ ಒಂದೆರಡು ಇಂಚು, ಮಣ್ಣಿನ ಹೊಂಡದಲ್ಲಿ ಅರ್ಧ ಅಡಿಯೊಳಗೆ ಕೆಸರು ಉಳಿದರೆ ಚಿಂತೆಯಿಲ್ಲ. ಮಣ್ಣಿನ ಹೊಂಡದಲ್ಲಿ ಬಿದಿರಿನ ಕೋಲನ್ನು ಗಟ್ಟಿ ತಳ ಸಿಗುವವರೆಗೆ ಒತ್ತಿ ತೆಗೆದರೆ ಕಪ್ಪು ಗುರುತು ಎಷ್ಟೆಂದು ತೋರಿಸುತ್ತದೆ. ಹಾಳೆಯ ಹೊಂಡಕ್ಕೆ ಚೂಪಾದ ಕೋಲು ಇಳಿಸಬೇಡಿ. ತುದಿಗೆ ಬಟ್ಟೆ ಸುತ್ತಿ ಮೆಲ್ಲಗೆ ಊರಿ.

ಹೀರಿದ ಬಗ್ಗಡವನ್ನು ಹಳ್ಳಕ್ಕೆ ಬಿಡುವುದು ಗೊಬ್ಬರವನ್ನೇ ಹರಿಯಬಿಟ್ಟಂತೆ. ತೆಂಗು, ಬಾಳೆಯ ಪಾತಿಗಳಿಗೆ ಸರದಿಯಂತೆ ತಿರುಗಿಸಿ. ಹನಿ ನೀರಾವರಿಯ ಪೈಪಿಗೆ ಮಾತ್ರ ಸೇರಿಸಬೇಡಿ, ತೂತುಗಳೆಲ್ಲ ಕಟ್ಟಿಕೊಳ್ಳುತ್ತವೆ.